ಹೆಬ್ಬೆರಳು ಎತ್ತಿದರೆ ‘ಸೂಪರ್’ ಅಲ್ಲ: ಬಾವಿಯಲ್ಲಿ ಈಜಿದವರಿಗೆ ಸ್ಕೂಬಾ ಭಾಷೆ

ಪ್ರಶ್ನೆ: ನಾನು ಪಾಂಡವಪುರದ ಕಡೆಯವನು, ಮಂಡ್ಯದಲ್ಲಿ ಕೆಲಸ. ಚಿಕ್ಕಂದಿನಿಂದ ಬಾವಿ, ನಾಲೆಯಲ್ಲಿ ಈಜಿದ್ದೇನೆ. ಮೈಸೂರಿನ ಈಜುಕೊಳದಲ್ಲಿ ಸ್ಕೂಬಾ ತರಬೇತಿಯ ಮೊದಲ ಭಾಗ ಮುಗಿಸಿದ್ದೇನೆ. ಡಿಸೆಂಬರಿನಲ್ಲಿ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಶನಿವಾರ ಎರಡು, ಭಾನುವಾರ ಎರಡು ಡೈವ್ ಮಾಡಿದರೆ ಓಪನ್ ವಾಟರ್ ಸರ್ಟಿಫಿಕೇಟ್ ಸಿಗುತ್ತದೆ. ಆದರೆ ಜೊತೆಯವರು ಆಡುವ ಮಾತೇ ಅರ್ಥವಾಗುವುದಿಲ್ಲ. ಆಕ್ಟೋಪಸ್, ಸ್ಯಾಕ್, ಎನ್‌ಡಿಎಲ್, ಡೆಕೊ, ನಾರ್ಕ್ ಅನ್ನುತ್ತಾರೆ. ಕೇಳಿದರೆ ಅವಮಾನ ಅಂತ ಸುಮ್ಮನೆ ತಲೆಯಾಡಿಸಿಕೊಂಡು ಕೂತಿದ್ದೇನೆ. ಭಾನುವಾರ ರಾತ್ರಿಯ ಬಸ್ಸಿಗೆ ಹತ್ತಿ ಸೋಮವಾರ ಡ್ಯೂಟಿಗೆ ಬರಬೇಕು, ಅಷ್ಟರೊಳಗೆ ಇದೆಲ್ಲ ಒಂದಿಷ್ಟು ತಲೆಗೆ ಹತ್ತಬೇಕು. ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳುತ್ತೀರಾ?

ಉತ್ತರ: ತಲೆಯಾಡಿಸಿಕೊಂಡು ಕೂತಿದ್ದೇನೆ ಅಂದಿರಲ್ಲ, ಓದಿ ನಗು ಬಂತು, ಸ್ವಲ್ಪ ಭಯವೂ ಆಯಿತು. ನಗು ಯಾಕೆಂದರೆ ನಾನೂ ಹಾಗೇ ಕೂತವನು. ಭಯ ಯಾಕೆಂದರೆ ದೋಣಿಯ ಮೇಲೆ ತಿಳಿಯದೆ ತಲೆಯಾಡಿಸಿದರೆ ಗಂಟೇನೂ ಹೋಗುವುದಿಲ್ಲ. ನೀರೊಳಗೆ ಆಡಿಸಿದರೆ ಎದುರಿನವರು ಅದನ್ನೇ ನಂಬಿ ಮುಂದಿನ ಕೆಲಸಕ್ಕೆ ಕೈಹಾಕುತ್ತಾರೆ.

ನನ್ನದೇ ಕೇಳಿ. ಸಮುದ್ರದಲ್ಲಿ ಮೊದಲ ಡೈವ್. ಸುಮಾರು 10 ಮೀಟರ್ ಕೆಳಗೆ ಒಂದು ಆಮೆ ಬಂಡೆಯ ಸಂದಿಯಿಂದ ಹೊರಗೆ ಬಂತು. ಖುಷಿಗೆ ಗೈಡ್ ಕಡೆ ತಿರುಗಿ ಹೆಬ್ಬೆರಳು ಎತ್ತಿದೆ, ಸೂಪರ್ ಅಂತ. ಅವರು ಒಂದು ಕ್ಷಣ ನನ್ನನ್ನೇ ನೋಡಿ ತಾವೂ ಹೆಬ್ಬೆರಳು ಎತ್ತಿದರು. ನಾನು ಎರಡೂ ಕೈಯಲ್ಲಿ ಎತ್ತಿದೆ. ಅವರು ನನ್ನ ತೋಳು ಹಿಡಿದು ನಿಧಾನವಾಗಿ ಮೇಲಕ್ಕೆ ಕರೆದುಕೊಂಡು ಹೊರಟೇಬಿಟ್ಟರು. ನೀರಿನಿಂದ ತಲೆ ಹೊರಗೆ ಬಂದ ಮೇಲೆ ಅವರು ಕೇಳಿದ್ದು: ‘ಏನಾಯ್ತು? ಮೇಲೆ ಹೋಗಬೇಕು ಅಂತ ಎರಡೆರಡು ಸಲ ಹೇಳಿದ್ರಲ್ಲ?’ ದುಡ್ಡು ಕೊಟ್ಟು ಮಾಡಿದ ಡೈವ್ ಏಳೇ ನಿಮಿಷಕ್ಕೆ ಮುಗಿದಿತ್ತು.

ಸ್ಕೂಬಾದಲ್ಲಿ ಹೆಬ್ಬೆರಳು ಮೇಲೆ ಅಂದರೆ ‘ಮೇಲೆ ಹೋಗೋಣ’, ಕೆಳಗೆ ಅಂದರೆ ‘ಇಳಿಯೋಣ’. ಎಲ್ಲ ಸರಿ ಅನ್ನಲು ಹೆಬ್ಬೆರಳು, ತೋರುಬೆರಳು ಕೂಡಿಸಿ ಸೊನ್ನೆ ಮಾಡಬೇಕು. ಅಂಗೈ ಚಪ್ಪಟೆ ಹಿಡಿದು ಆಚೆ ಈಚೆ ವಾಲಿಸಿದರೆ ‘ಏನೋ ಸರಿಯಿಲ್ಲ’. ಆಮೇಲೆ ಕಿವಿಯೋ ಕಾಲೋ, ಯಾವುದು ಅಂತ ಬೆರಳಲ್ಲಿ ತೋರಿಸಬೇಕು. ಮುಷ್ಟಿಯನ್ನು ಎದೆಗಿಟ್ಟುಕೊಂಡರೆ ಗಾಳಿ ಕಡಿಮೆ ಇದೆ, ಅಂಗೈಯನ್ನು ಕತ್ತಿನ ಮುಂದೆ ಅಡ್ಡ ಎಳೆದರೆ ಗಾಳಿ ಮುಗಿದೇ ಹೋಗಿದೆ. ಈ ಐದಾರು ಸನ್ನೆಗಳನ್ನು ಮನೆಯಲ್ಲಿ ಊಟಕ್ಕೆ ಕೂತಾಗ ಅಭ್ಯಾಸ ಮಾಡಿ. ಸಾರು ಚೆನ್ನಾಗಿದೆ ಅನ್ನಲು ನಿಮ್ಮ ಹೆಬ್ಬೆರಳು ತಾನಾಗಿ ಮೇಲೇಳುವುದು ನಿಲ್ಲುವ ತನಕ.

ಇನ್ನು ಬೆನ್ನಿನ ಮೇಲಿರುವುದು. ಮೈಸೂರಿನಲ್ಲಿ ಯಾರಿಗೆ ಸ್ಕೂಬಾ ಅಂದರೂ ‘ಆ ಆಕ್ಸಿಜನ್ ಸಿಲಿಂಡರ್ ಕಟ್ಕೊಂಡು ಮುಳುಗೋದಾ?’ ಅನ್ನುತ್ತಾರೆ. ಅದರಲ್ಲಿ ಇರುವುದು ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಇದೇ ಗಾಳಿ, ಸೋಸಿ ಒತ್ತಿ ತುಂಬಿದ್ದು. ಬರೀ ಆಕ್ಸಿಜನ್ ಉಸಿರಾಡುತ್ತ 6 ಮೀಟರ್ ದಾಟಿದರೆ ಅದೇ ವಿಷವಾಗಿ ಫಿಟ್ಸ್ ಬರುವ ಅಪಾಯವಿದೆ. ‘ನೈಟ್ರಾಕ್ಸ್’ ಅನ್ನುವುದು ಇವೆರಡರ ನಡುವಿನದು: ಆಕ್ಸಿಜನ್ ಪಾಲನ್ನು 21ರಿಂದ 32 ಅಥವಾ 36 ಪರ್ಸೆಂಟ್‌ಗೆ ಏರಿಸಿದ ಗಾಳಿ. ಅದಕ್ಕೆ ಬೇರೆ ತರಬೇತಿ ಬೇಕು, ನಿಮಗೆ ಸದ್ಯಕ್ಕೆ ಬೇಡ. ಹಸಿರು ಹಳದಿ ಪಟ್ಟಿ ಇರುವ ಟ್ಯಾಂಕನ್ನು ಮುಟ್ಟಬೇಡಿ, ಅಷ್ಟು ಸಾಕು.

ಟ್ಯಾಂಕಿನ ಒತ್ತಡವನ್ನು ‘ಬಾರ್’ನಲ್ಲಿ ಹೇಳುತ್ತಾರೆ. ಪಂಕ್ಚರ್ ಅಂಗಡಿಯಲ್ಲಿ ಕಾರಿನ ಟೈರಿಗೆ 32 ಹೊಡೆಸುತ್ತೀರಲ್ಲ, ಅದು ಪಿಎಸ್‌ಐ. ಬಾರ್ ಲೆಕ್ಕದಲ್ಲಿ ಸುಮಾರು 2.2. ಸ್ಕೂಬಾ ಟ್ಯಾಂಕಿನಲ್ಲಿ 200 ಬಾರ್, ನಿಮ್ಮ ಟೈರಿನ ತೊಂಬತ್ತು ಪಟ್ಟು. ಅಮೆರಿಕದ ಗೇಜಾದರೆ ಅದೇ 3000 ಪಿಎಸ್‌ಐ ಆಸುಪಾಸು ತೋರಿಸುತ್ತದೆ, ಗಾಬರಿಯಾಗಬೇಡಿ. ಆ ಒತ್ತಡದ ಗಾಳಿಯನ್ನು ನೇರ ಬಾಯಿಗೆ ಬಿಡಲು ಆಗುತ್ತದೆಯೇ? ಅದಕ್ಕೇ ‘ರೆಗ್ಯುಲೇಟರ್’. ಟ್ಯಾಂಕಿನ ಕುತ್ತಿಗೆಗೆ ಕೂರುವ ‘ಫಸ್ಟ್ ಸ್ಟೇಜ್’ 200 ಬಾರನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ; ಬಾಯಲ್ಲಿ ಕಚ್ಚುವ ‘ಸೆಕೆಂಡ್ ಸ್ಟೇಜ್’ ಅದನ್ನು ನೀರಿನ ಒತ್ತಡಕ್ಕೇ ಸಮ ಮಾಡಿ, ನೀವು ಎಳೆದಾಗ ಮಾತ್ರ ಕೊಡುತ್ತದೆ. ನಾಲೆಯ ನೀರು ತೂಬಿನಲ್ಲಿ ಪಳಗಿ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಬರುವ ಹಾಗೆ. ಎಳೆದಾಗ ಮಾತ್ರ ಗಾಳಿ ಕೊಡುವ ಈ ಸಾಧನವನ್ನು ಕೂಸ್ಟೊ, ಗಾನ್ಯಾನ್ ಎಂಬ ಇಬ್ಬರು ಫ್ರೆಂಚರು 1943ರಲ್ಲಿ ಕೆಲಸಕ್ಕೆ ಬರುವ ಹಾಗೆ ಮಾಡಿದರು. ಅಲ್ಲಿಂದಲೇ ಈ ಆಟ ಎಲ್ಲರ ಕೈಗೂ ಸಿಕ್ಕಿದ್ದು.

‘ಆಕ್ಟೋಪಸ್’ ಅಂದಾಗ ಸುತ್ತ ಮುತ್ತ ಹುಡುಕಬೇಡಿ. ನಿಮ್ಮ ಎದೆಯ ಪಕ್ಕ ಹಳದಿ ಪೈಪಿನಲ್ಲಿ ನೇತಾಡುವ ಎರಡನೇ ಬಾಯಿತುಂಡೇ ಅದು. ಫಸ್ಟ್ ಸ್ಟೇಜಿನಿಂದ ನಾಲ್ಕು ದಿಕ್ಕಿಗೂ ಪೈಪು ಚಾಚಿ ಅಷ್ಟಪದಿಯಂತೆ ಕಾಣುತ್ತದೆ, ಅದಕ್ಕೆ ಈ ಹೆಸರು. ಅದು ಇರುವುದು ನಿಮಗಲ್ಲ, ನಿಮ್ಮ ‘ಬಡ್ಡಿ’ಗೆ. ಬ್ಯಾಂಕಿನ ಬಡ್ಡಿಯಲ್ಲ, ನಿಮ್ಮ ಜೊತೆಗಾರ. ಇಲ್ಲಿ ಜೋಡಿಯಿಲ್ಲದೆ ಯಾರೂ ಇಳಿಯುವುದಿಲ್ಲ. ಗಾಳಿ ಮುಗಿದವನು ಗಾಬರಿಯಲ್ಲಿ ಅದನ್ನು ಹುಡುಕುತ್ತ ಕೂರಬಾರದು ಅಂತಲೇ ಹಳದಿ ಬಣ್ಣ.

ಈಗ ನಿಮ್ಮ ಬಾವಿಗೆ ಬರೋಣ. ಬಾವಿಯಲ್ಲಿ ಈಜಿದವರಿಗೆ ಸ್ಕೂಬಾದ ಅರ್ಧ ಪದಗಳು ಮೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ ಅಷ್ಟೆ.

ತಳದ ಮಣ್ಣು ಮುಷ್ಟಿಯಲ್ಲಿ ತಂದು ತೋರಿಸುವ ಪಂದ್ಯ ಆಡಿಯೇ ಇರುತ್ತೀರಿ. ಎರಡಾಳು ಇಳಿಯುವಷ್ಟರಲ್ಲಿ ಕಿವಿಯಲ್ಲಿ ಸೂಜಿ ಚುಚ್ಚಿದ ಹಾಗಾಗುತ್ತಿತ್ತಲ್ಲ? ಅದಕ್ಕೆ ‘ಸ್ಕ್ವೀಜ್’ ಅನ್ನುತ್ತಾರೆ. ಹೊರಗೆ ನೀರಿನ ಒತ್ತಡ ಏರಿದೆ, ಕಿವಿಯೊಳಗಿನ ಗಾಳಿ ಹಳೆಯ ಒತ್ತಡದಲ್ಲೇ ಇದೆ, ತಮಟೆ ಒಳಕ್ಕೆ ಬಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಸಮ ಮಾಡುವುದೇ ‘ಈಕ್ವಲೈಸ್’. ನೋವು ಬಂದ ಮೇಲೆ ಊದುವುದಲ್ಲ, ಬರುವುದಕ್ಕೆ ಮೊದಲೇ, ಪ್ರತಿ ಮೀಟರಿಗೂ. ಆಗದಿದ್ದರೆ ಒಂದೆರಡು ಅಡಿ ಮೇಲೆ ಬಂದು ಮತ್ತೆ. ನೆಗಡಿ ಇದ್ದರೆ ಇಳಿಯಲೇಬೇಡಿ: ಇಳಿಯುವಾಗ ಹೇಗೋ ಒಳಗೆ ಹೋದ ಗಾಳಿ ಮೇಲೆ ಬರುವಾಗ ಹೊರಗೆ ಬರದೆ ಸಿಕ್ಕಿಕೊಳ್ಳಬಹುದು. ಅದಕ್ಕೆ ‘ರಿವರ್ಸ್ ಬ್ಲಾಕ್’ ಎಂದು ಹೆಸರು.

ಎಷ್ಟು ಒತ್ತಡ ಅಂದರೆ, ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದೊಂದು ವಾತಾವರಣದಷ್ಟು ಸೇರುತ್ತದೆ. ಮೇಲೆ 1, 10 ಮೀಟರಿಗೆ 2, 20ಕ್ಕೆ 3. ಈ ‘ಅಟ್ಮಾಸ್ಫಿಯರ್’ ಅಥವಾ ‘ಎಟಿಎ’ ಲೆಕ್ಕ ಮಂಡ್ಯದವರಿಗೆ ಕಷ್ಟವಾಗಬಾರದು. ‘ಕಟ್ಟೆ ಎಷ್ಟಾಯ್ತು?’ ಅಂತ ಮಳೆಗಾಲವೆಲ್ಲ ಕೇಳುವವರು ನಾವು. ಕನ್ನಂಬಾಡಿ ತುಂಬಿದರೆ 124.80 ಅಡಿ, ಅಂದರೆ ಸುಮಾರು 38 ಮೀಟರ್. ಅಷ್ಟು ನೀರಿನ ಕೆಳಗೆ ನಿಂತವನ ಮೇಲೆ ನಾಲ್ಕೂವರೆ ವಾತಾವರಣಕ್ಕೂ ಹೆಚ್ಚು ಒತ್ತಡ. ಲೆಕ್ಕಕ್ಕೆ ಹೇಳಿದೆ, ಅಲ್ಲಿ ಇಳಿಯುವ ಯೋಚನೆ ಬೇಡ.

ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತಿದ್ದರೆ ‘ಬಿಸಿಡಿ’ ನಿಮಗೆ ಹೊಸದಲ್ಲ. ಗಾಳಿ ತುಂಬುವ, ಬಿಡುವ ಜಾಕೆಟ್ ಅದು. ಮುಳುಗದೆ, ಮೇಲೂ ಏಳದೆ ನಡುನೀರಿನಲ್ಲಿ ತೂಗಿಕೊಂಡು ನಿಲ್ಲುವುದಕ್ಕೆ ‘ನ್ಯೂಟ್ರಲ್ ಬಾಯನ್ಸಿ’ ಎನ್ನುತ್ತಾರೆ, ನೆಟ್ಟಗೆ ಅಡ್ಡಡ್ಡ ಮಲಗಿದಂತೆ ಇರುವುದಕ್ಕೆ ‘ಟ್ರಿಮ್’. ಆದರೆ ಬುರುಡೆಗೂ ಬಿಸಿಡಿಗೂ ಒಂದು ದೊಡ್ಡ ವ್ಯತ್ಯಾಸ ಉಂಟು. ಬುರುಡೆ ಗಟ್ಟಿ, ಅದರ ಗಾತ್ರ ಬದಲಾಗದು. ಬಿಸಿಡಿ ಬಲೂನು. 10 ಮೀಟರಿಗೆ ಹೋದರೆ ಅದರೊಳಗಿನ ಗಾಳಿ ಅರ್ಧವಾಗುತ್ತದೆ, ನೀವು ಇನ್ನೂ ಕೆಳಗೆ ಜಾರುತ್ತೀರಿ; ಮೇಲೆ ಬಂದರೆ ಉಬ್ಬುತ್ತದೆ, ನೀವು ಬಿರ್ರನೆ ಮೇಲೆ ಚಿಮ್ಮುತ್ತೀರಿ. ಹೊಸಬರು ಏರುವಾಗ ಗಾಳಿ ತುಂಬುವ ಗುಂಡಿ ಒತ್ತುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೇಲೆ ಹೋಗುವಾಗ ಗಾಳಿ ಬಿಡಬೇಕು, ತುಂಬಬಾರದು. ಏರುವುದು ಕಾಲಿನ ಫಿನ್ಸ್‌ನಿಂದ.

ಸೊಂಟದ ಸೀಸದ ತುಂಡುಗಳ ಬಗ್ಗೆ ಒಂದು ಮಾತು, ಮೈಸೂರಿನಲ್ಲಿ ಕಲಿತವರೆಲ್ಲ ಇಲ್ಲೇ ಎಡವುತ್ತಾರೆ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಎರಡೂವರೆ ಪರ್ಸೆಂಟ್ ಭಾರ. ನೀವು, ಸೂಟು, ಟ್ಯಾಂಕು ಎಲ್ಲ ಸೇರಿ 90 ಕೆ.ಜಿ. ಅಂದುಕೊಂಡರೆ ಈಜುಕೊಳಕ್ಕಿಂತ ಎರಡು ಕೆ.ಜಿ. ಮೇಲೆ ಸ್ವಲ್ಪ ಜಾಸ್ತಿ ಸೀಸ ಬೇಕು. ಈಜುಕೊಳದ ತೂಕವನ್ನೇ ಕಟ್ಟಿಕೊಂಡು ಹೋದರೆ ಎಲ್ಲರೂ ಮುಳುಗಿದ ಮೇಲೂ ನೀವೊಬ್ಬರು ತೆಂಗಿನಕಾಯಿಯ ಹಾಗೆ ತೇಲುತ್ತಿರುತ್ತೀರಿ. ಇನ್ನೊಂದು: ಟ್ಯಾಂಕಿನ ಗಾಳಿಗೂ ತೂಕವಿದೆ, ತುಂಬಿದಾಗ ಹತ್ತಿರ ಹತ್ತಿರ ಮೂರು ಕೆ.ಜಿ. ಉಸಿರಾಡಿ ಅದು ಖರ್ಚಾದ ಹಾಗೆ ಕೊನೆಯಲ್ಲಿ ನೀವು ಹಗುರಾಗುತ್ತೀರಿ. ಅದನ್ನೂ ಸೇರಿಸಿಯೇ ಸೀಸ ಲೆಕ್ಕ ಹಾಕುವುದು. ದೋಣಿಯ ಪಕ್ಕ ನೀರಿಗಿಳಿದ ಕೂಡಲೇ ‘ವೆಯ್ಟ್ ಚೆಕ್’ ಮಾಡಿಸಿ ಅಂತ ನೀವೇ ಕೇಳಿ.

ಬಾವಿಯಲ್ಲಿ ಕಲಿತದ್ದರಲ್ಲಿ ಒಂದನ್ನು ಮಾತ್ರ ಪೂರ್ತಿ ಮರೆಯಬೇಕು: ಉಸಿರು ಕಟ್ಟುವುದು. ದಡದಲ್ಲಿ ಎಳೆದುಕೊಂಡ ಉಸಿರು ಕೆಳಗೆ ಹೋದಾಗ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ, ಶ್ವಾಸಕೋಶಕ್ಕೆ ತೊಂದರೆಯಿಲ್ಲ. ಸ್ಕೂಬಾದಲ್ಲಿ ಹಾಗಲ್ಲ. 10 ಮೀಟರಿನಲ್ಲಿ ಎದೆ ತುಂಬ ಗಾಳಿ ಎಳೆದು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಅದು ಎರಡು ಪಟ್ಟಾಗಲು ನೋಡುತ್ತದೆ. ಎದೆ ಎರಡು ಪಟ್ಟಾಗುವುದಿಲ್ಲ. ಒಳಗೆ ಹರಿಯುತ್ತದೆ, ಗಾಳಿಯ ಗುಳ್ಳೆ ರಕ್ತಕ್ಕೆ ನುಗ್ಗಿ ಮಿದುಳಿಗೂ ಹೋಗಬಹುದು. ‘ಲಂಗ್ ಓವರ್ ಎಕ್ಸ್‌ಪ್ಯಾನ್ಶನ್’ ಅನ್ನುವುದು ಇದಕ್ಕೇ. ಇದು ಸಂಭವಿಸಲು ಈಜುಕೊಳದ ಆಳವೇ ಸಾಕು. ಬಾವಿ ಈಜುಗಾರರಿಗೆ ಗಾಬರಿಯಾದ ತಕ್ಷಣ ಉಸಿರು ಕಟ್ಟುವುದು ಅಭ್ಯಾಸ, ಆದ್ದರಿಂದ ನಿಮಗೆ ಎರಡು ಸಲ ಹೇಳುತ್ತಿದ್ದೇನೆ. ರೆಗ್ಯುಲೇಟರ್ ಬಾಯಿಂದ ಹೊರಗಿದ್ದರೂ ‘ಆ…’ ಎಂದು ಸಣ್ಣ ಗುಳ್ಳೆ ಬಿಡುತ್ತಲೇ ಇರಬೇಕು.

ಇನ್ನು ನಾಲ್ಕು ಪದ ಬೇಗ ಮುಗಿಸುತ್ತೇನೆ. ಬೇಸಿಗೆಯಲ್ಲಿ ಬಾವಿಗೆ ಹಾರಿದಾಗ ಎದೆಮಟ್ಟ ಬೆಚ್ಚಗೆ, ಕಾಲಿಗೆ ಒಮ್ಮೆಲೇ ಕೊರೆಯುವ ತಣ್ಣಗೆ ತಾಕುವುದಲ್ಲ, ಆ ಗಡಿಗೆ ‘ಥರ್ಮೋಕ್ಲೈನ್’ ಅನ್ನುತ್ತಾರೆ. ತಳ ಕಲಕಿ ನೀರು ಬಗ್ಗಡವಾಗಿ ಪಕ್ಕದವನೂ ಕಾಣದಂತಾದರೆ ‘ಸಿಲ್ಟ್ ಔಟ್’. ಎಷ್ಟು ದೂರ ಕಾಣುತ್ತದೆ ಅನ್ನುವುದು ‘ವಿಜ್’. ನಾಲೆಯ ಸೆಳವಿನ ಜೊತೆ ಕೈಬಿಟ್ಟು ತೇಲಿಹೋಗುತ್ತಿದ್ದಿರಲ್ಲ, ಸಮುದ್ರದಲ್ಲಿ ಅದಕ್ಕೆ ‘ಡ್ರಿಫ್ಟ್ ಡೈವ್’ ಅಂತ ಹೆಸರಿಟ್ಟು ದುಡ್ಡು ತೆಗೆದುಕೊಳ್ಳುತ್ತಾರೆ.

‘ಸ್ಯಾಕ್’ ಅಂದರೆ ನೀರಿನ ಮೇಲ್ಮಟ್ಟದ ಲೆಕ್ಕದಲ್ಲಿ ನೀವು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಖರ್ಚು ಮಾಡುತ್ತೀರಿ ಎಂಬುದು. ಹೊಸಬರಿಗೆ 20, ಗಾಬರಿಯಲ್ಲಿ ಅದಕ್ಕೂ ಜಾಸ್ತಿ. 11 ಲೀಟರಿನ ಟ್ಯಾಂಕಿನಲ್ಲಿ 200 ಬಾರ್ ಇದ್ದರೆ ಒಟ್ಟು 2200 ಲೀಟರ್. ಕೊನೆಯ 50 ಬಾರ್ ಮುಟ್ಟಬಾರದು, ಅದು ‘ರಿಸರ್ವ್’. ಮದುವೆ ಮನೆಯಲ್ಲಿ ತಡವಾಗಿ ಬರುವವರಿಗೆಂದು ಎತ್ತಿಡುವ ಊಟದ ಹಾಗೆ. ಉಳಿದದ್ದು 1650. ಮೇಲ್ಮಟ್ಟದಲ್ಲಿ ಎಂಬತ್ತೆರಡು ನಿಮಿಷಕ್ಕೆ ಬರುವ ಈ ಗಾಳಿ 10 ಮೀಟರಿನಲ್ಲಿ ನಲವತ್ತೊಂದು, 20 ಮೀಟರಿನಲ್ಲಿ ಇಪ್ಪತ್ತೇಳೇ ನಿಮಿಷ. ಅಲ್ಲಿ ಪ್ರತಿ ಉಸಿರಿಗೂ ಮೂರು ಪಟ್ಟು ಗಾಳಿ ಹೋಗುತ್ತದೆ. ಇನ್ನೊಬ್ಬರ ಸ್ಯಾಕ್ ಜೊತೆ ಪೈಪೋಟಿಗೆ ಬಿದ್ದು ಉಸಿರು ಉಳಿಸಲು ಹೋಗಬೇಡಿ, ಅದೂ ಉಸಿರು ಕಟ್ಟುವ ಅಭ್ಯಾಸಕ್ಕೇ ದಾರಿ.

ನೀವು ಕೇಳಿದ ಪದಗಳಲ್ಲಿ ಎನ್‌ಡಿಎಲ್, ಡೆಕೊ, ನಾರ್ಕ್ ಉಳಿದವು. ಮೂರೂ ಒಂದೇ ಮನೆಯವು, ಮನೆಯ ಯಜಮಾನ ನೈಟ್ರೋಜನ್.

ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೈಟ್ರೋಜನ್. ಮೇಲ್ಮಟ್ಟದಲ್ಲಿ ಅದು ಸುಮ್ಮನೆ ಬಂದು ಹೋಗುತ್ತದೆ. ಆಳದಲ್ಲಿ ಒತ್ತಡಕ್ಕೆ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ಹೆಚ್ಚು ಆಳ, ಹೆಚ್ಚು ಹೊತ್ತು, ಹೆಚ್ಚು ಕರಗುತ್ತದೆ. 30 ಮೀಟರ್ ಹತ್ತಿರ ಅದು ಅಮಲು ತರಿಸಲೂಬಹುದು, ‘ನಾರ್ಕ್ ಆಗಿದ್ದಾನೆ’ ಅನ್ನುವುದು ಅದಕ್ಕೆ. ನನಗೆ ಒಮ್ಮೆ ಆಗಿತ್ತು. ಗೇಜಿನಲ್ಲಿ 110 ಅಂತ ಓದುತ್ತೇನೆ, ಮರುಕ್ಷಣ ಮರೆತು ಮತ್ತೆ ಓದುತ್ತೇನೆ, ಅದೇನೋ ಬಹಳ ತಮಾಷೆ ಅನ್ನಿಸಿ ನಗು ಬರುತ್ತದೆ. ಐದು ಮೀಟರ್ ಮೇಲೆ ಬಂದ ಕೂಡಲೇ ಎಲ್ಲ ತಿಳಿಯಾಯಿತು. ಮದ್ದು ಅಷ್ಟೇ, ಮೇಲೆ ಬರುವುದು. ನಿಮ್ಮ ಸರ್ಟಿಫಿಕೇಟಿನ ಮಿತಿ 18 ಮೀಟರ್, ಹಾಗಾಗಿ ಇದು ಸದ್ಯಕ್ಕೆ ನಿಮ್ಮನ್ನು ಕಾಡುವುದು ಕಡಿಮೆ.

ಕಾಡುವುದು ಕರಗಿದ ನೈಟ್ರೋಜನ್ ವಾಪಸು ಹೊರಡುವಾಗ. ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಕತ್ತಿನಲ್ಲಿ ಬಿಗಿಯಾಗಿರುವ ತನಕ ನೀರು ತಿಳಿಯಾಗಿ ಸುಮ್ಮನಿರುತ್ತದೆ. ಅಂಗಡಿಯವನು ಹೆಬ್ಬೆರಳಿನಿಂದ ಒತ್ತಿದ ತಕ್ಷಣ ಚುಯ್ ಅಂತ ಗುಳ್ಳೆ. ಬಿರ್ರನೆ ಮೇಲೆ ಬಂದವನ ರಕ್ತದಲ್ಲಿ, ಕೀಲುಗಳಲ್ಲಿ ಆಗುವುದು ಅದೇ. ಇದೇ ‘ಡಿಸಿಎಸ್’, ಆಡುಮಾತಿನಲ್ಲಿ ‘ಬೆಂಡ್ಸ್’. ಇದು ಡೈವರ್‌ಗಳ ಕಾಯಿಲೆಯಾಗುವುದಕ್ಕೆ ಮೊದಲು ಸೇತುವೆ ಕಟ್ಟುವ ಕೂಲಿಗಳದ್ದಾಗಿತ್ತು. ಅಮೆರಿಕದಲ್ಲಿ ನದಿಯ ತಳದಲ್ಲಿ ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಯೊಳಗೆ ಕೂತು ಅಡಿಪಾಯ ತೋಡುತ್ತಿದ್ದವರು ಹೊರಗೆ ಬಂದ ಮೇಲೆ ಕೀಲುನೋವಿಗೆ ಬಾಗಿ ನಡೆಯುತ್ತಿದ್ದರು, ಹೆಸರು ಅಂಟಿತು. ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದಕ್ಕೇ ತುತ್ತಾಗಿ ಹಾಸಿಗೆ ಹಿಡಿದರು. 1908ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಮೇಕೆಗಳ ಮೇಲೆ ಪ್ರಯೋಗ ನಡೆಸಿ, ಹಂತ ಹಂತವಾಗಿ ನಿಂತು ಮೇಲೆ ಬರುವ ಲೆಕ್ಕ ಕೊಟ್ಟರು. ಇವತ್ತು ಕೈಗೆ ಕಟ್ಟುವ ಡೈವ್ ಕಂಪ್ಯೂಟರಿನ ಒಳಗೆ ಕೂತಿರುವುದು ಆ ಲೆಕ್ಕದ ಮೊಮ್ಮಕ್ಕಳು.

‘ಎನ್‌ಡಿಎಲ್’ ಅಂದರೆ ಆ ಆಳದಲ್ಲಿ ಎಷ್ಟು ಹೊತ್ತು ಇದ್ದರೆ ದಾರಿಯಲ್ಲಿ ಕಡ್ಡಾಯವಾಗಿ ನಿಲ್ಲದೆ ಮೇಲೆ ಬರಬಹುದು ಎಂಬ ಗಡುವು. ಸ್ಕೂಬಾ ತರಬೇತಿಯ ಪ್ಯಾಡಿ ಸಂಸ್ಥೆಯ ಕೋಷ್ಟಕದಲ್ಲಿ ದಿನದ ಮೊದಲ ಡೈವಿಗೆ 18 ಮೀಟರಿಗೆ 56 ನಿಮಿಷ, 30 ಮೀಟರಿಗೆ 20 ನಿಮಿಷ. ಗಡುವು ಮೀರಿದರೆ ನೀವು ‘ಡೆಕೊ’ಗೆ ಬಿದ್ದಿರಿ, ಕಂಪ್ಯೂಟರ್ ಹೇಳಿದ ಆಳದಲ್ಲಿ ಹೇಳಿದಷ್ಟು ಹೊತ್ತು ನಿಲ್ಲಲೇಬೇಕು. ‘ಸೇಫ್ಟಿ ಸ್ಟಾಪ್’ ಬೇರೆ: ಗಡುವಿನೊಳಗೇ ಇದ್ದರೂ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವ ಒಳ್ಳೆಯ ರೂಢಿ. ಗಾಳಿ ಮುಗಿಯುವಂತಿದ್ದರೆ ಸೇಫ್ಟಿ ಸ್ಟಾಪ್ ಬಿಡಬಹುದು, ಡೆಕೊ ಸ್ಟಾಪ್ ಬಿಟ್ಟರೆ ಡಿಸಿಎಸ್ ಅನ್ನು ಕರೆದಂತೆ. ಗುಂಪಿನಲ್ಲಿ ಇವೆರಡನ್ನೂ ‘ಸ್ಟಾಪ್’ ಎಂದಷ್ಟೇ ಹೇಳುತ್ತಾರೆ. ಯಾವ ಸ್ಟಾಪ್ ಅಂತ ಕೇಳಿ, ಅವಮಾನವೇನಿಲ್ಲ. ಏರುವ ವೇಗ ನಿಮಿಷಕ್ಕೆ 9 ಮೀಟರ್ ಮೀರಬಾರದು. ಎರಡು ಡೈವ್ ನಡುವೆ ದೋಣಿಯಲ್ಲಿ ಕೂರುವ ಹೊತ್ತಿಗೆ ‘ಸರ್ಫೇಸ್ ಇಂಟರ್ವಲ್’ ಅಂತ ಹೆಸರು. ಬಾಳೆಹಣ್ಣು ತಿಂದು ಹರಟುವ ಸಮಯ ಅಂತ ಕಾಣುತ್ತದೆ, ಆದರೆ ನಿಮ್ಮ ಮೈ ಆಗ ನೈಟ್ರೋಜನ್ ಹೊರಗೆ ಹಾಕುತ್ತಿರುತ್ತದೆ. ಎರಡನೇ ಡೈವ್ ಮುಗಿದರೂ ಅದು ಪೂರ್ತಿ ಹೋಗಿರುವುದಿಲ್ಲ.

ಇಲ್ಲಿಗೆ ನಿಮ್ಮ ಪತ್ರದ ಕೊನೆಯ ಮಾತಿಗೆ ಬಂದೆ. ನೀವು ಅದನ್ನು ಪ್ರಶ್ನೆಯಾಗಿ ಕೇಳಲಿಲ್ಲ, ಆದರೆ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅದೇ: ಭಾನುವಾರ ರಾತ್ರಿಯ ಬಸ್ಸು. ಗುಂಪಿನವರು ‘ನೋ ಫ್ಲೈ ಟೈಮ್’ (ಡೈವ್ ಆದ ಮೇಲೆ ವಿಮಾನ ಹತ್ತುವ ಮೊದಲು ಕಾಯುವ ಹೊತ್ತು) ಅಂದಾಗ ‘ನಾನೇನು ವಿಮಾನ ಹತ್ತುವುದಿಲ್ಲವಲ್ಲ’ ಅಂತ ನೀವು ಆ ಪದವನ್ನು ಬಿಟ್ಟಿರಬೇಕು. ಮೈಗೆ ವಿಮಾನ, ಬಸ್ಸು ಅಂತ ಭೇದವಿಲ್ಲ. ಎತ್ತರ ಏರಿದರೆ ಗಾಳಿಯ ಒತ್ತಡ ಇಳಿಯುತ್ತದೆ, ಸೋಡಾ ಬಾಟಲಿಯ ಗೋಲಿ ಇನ್ನಷ್ಟು ಸಡಿಲವಾಗುತ್ತದೆ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ ಅನ್ವಯಿಸುವುದು 2000 ಅಡಿಯಿಂದ 8000 ಅಡಿಯವರೆಗಿನ ಎತ್ತರಕ್ಕೆ: ಡೆಕೊ ಇಲ್ಲದ ಒಂದೇ ಡೈವಿಗೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನಕ್ಕೆ ಕನಿಷ್ಠ 18 ಗಂಟೆ ಕಾಯಬೇಕು. 2000 ಅಡಿ ಅಂದರೆ 610 ಮೀಟರ್. ಮೈಸೂರು ಇರುವುದು ಸುಮಾರು 770 ಮೀಟರಿನಲ್ಲಿ, ಮಂಡ್ಯ 680ರ ಆಸುಪಾಸು. ದಾರಿಯಲ್ಲಿ ಘಟ್ಟ ಬೇರೆ. ಮಂಗಳೂರಿಗೆ ಬಂದು ಸಂಪಾಜೆ ಹತ್ತಿದರೆ ಮಡಿಕೇರಿ 1100 ಮೀಟರಿಗೂ ಮೇಲೆ. ಯಾವ ಘಟ್ಟ ಹಿಡಿದರೂ ಹತ್ತಲೇಬೇಕು, ಕರಾವಳಿಯಿಂದ ನಮ್ಮೂರಿಗೆ ಸಮತಟ್ಟಾದ ದಾರಿಯಿಲ್ಲ. ಕರಾವಳಿಯವರೇ ಆದ ಗುಂಪಿನವರಿಗೆ ಇದು ಹೊಳೆಯದೆ ಇರಬಹುದು, ಅವರ ಮನೆ ಸಮುದ್ರಮಟ್ಟದಲ್ಲೇ ಇರುತ್ತದೆ.

ಮಧ್ಯರಾತ್ರಿ ಘಟ್ಟದ ತಿರುವಿನಲ್ಲಿ ಮೊಣಕೈ ನೋವು, ಬೆರಳು ಜುಮ್ಮೆನ್ನುವುದು, ಹೇಳಲಾಗದ ಸುಸ್ತು ಶುರುವಾದರೆ ಬಸ್ಸಿನ ಸೀಟಿನ ಮೇಲೆ ತಪ್ಪು ಹೊರಿಸಿ ನಿದ್ದೆ ಹೋಗುತ್ತೀರಿ. ಅದು ಡಿಸಿಎಸ್ ಆಗಿದ್ದರೆ ಬೇಕಾದದ್ದು ಆಕ್ಸಿಜನ್, ಒತ್ತಡದ ಕೋಣೆ ಇರುವ ಆಸ್ಪತ್ರೆ. ವೈದ್ಯರಿಗೆ ಮೊದಲು ಹೇಳಬೇಕಾದ ಮಾತು ‘ನಿನ್ನೆ ಡೈವ್ ಮಾಡಿದ್ದೆ’.

ಭಾನುವಾರದ ಕೊನೆಯ ಡೈವ್ ಮಧ್ಯಾಹ್ನ ಒಂದು ಗಂಟೆಗೆ ಮುಗಿಯಿತು ಅಂದುಕೊಳ್ಳಿ. ಹದಿನೆಂಟು ಗಂಟೆ ಕೂಡಿಸಿದರೆ ಸೋಮವಾರ ಬೆಳಿಗ್ಗೆ ಏಳು. ರಾತ್ರಿ ಮುರುಡೇಶ್ವರದಲ್ಲೇ ಉಳಿದು, ಬೆಳಿಗ್ಗೆ ಏಳರ ಮೇಲೆ ಹೊರಡುವ ಬಸ್ಸಿಗೆ ಟಿಕೆಟ್ ಬದಲಿಸಿಕೊಳ್ಳಿ, ಸೋಮವಾರಕ್ಕೆ ಈಗಲೇ ರಜೆ ಅರ್ಜಿ ಬರೆದಿಡಿ. ಕಾರಣ ಏನು ಅಂತ ಸಾಹೇಬರು ಕೇಳಿದರೆ ಮೈಯಲ್ಲಿ ನೈಟ್ರೋಜನ್ ಇದೆ ಅನ್ನಿ. ಅವರೂ ತಲೆಯಾಡಿಸುತ್ತಾರೆ.